ಕೊಡದ ಕುರಿ

ನಮ್ಮ ಮನೆಯ ಕುರಿಗಳು ಹುಟ್ಟಿದ್ದು ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ. ತಗಡಿಗೆ ತೂತು ಹೊಡೆದಾಗ ಕೆಳಗೆ ಉದುರುತ್ತದಲ್ಲ, ನಾಲ್ಕಾಣೆಯಷ್ಟು ಅಗಲದ ಬಿಲ್ಲೆ, ಅದು. ಕಂಪನಿಗೆ ಅದು ಗುಜರಿ. ನಮ್ಮ ಯಜಮಾನರು ಅಂಥ ಹದಿನೈದು ಬಿಲ್ಲೆ ಆರಿಸಿ, ಅಂಚು ಉಜ್ಜಿ ನುಣ್ಣಗೆ ಮಾಡಿ, ಜೊತೆಗೆ ಮೂರು ದಪ್ಪ ನಟ್ಟು ಸೇರಿಸಿ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ನಟ್ಟು ಹುಲಿ, ಬಿಲ್ಲೆ ಕುರಿ. ಕಲ್ಲಿನ ಮೇಲೆ ಪ್ಯಾಂಟು ಬಡಿದರೆ ಟಣ್ ಅನ್ನುತ್ತಿತ್ತು. ಆ ಭಾರಕ್ಕೆ ಜೇಬು ಹರಿಯುತ್ತಿತ್ತು, ಹೊಲಿಯುವವಳು ನಾನು. “ಮುದುಕರ ಆಟ ಜೇಬಲ್ಲಿಟ್ಕೊಂಡು ತಿರುಗ್ತೀರಲ್ಲ, ನಾಚಿಕೆ ಆಗಲ್ವಾ ನಿಮಗೆ” ಅಂತ ಬೈದು ಅವನ್ನು ಚರಂಡಿಗೆ ಎಸೆದದ್ದೂ ಉಂಟು. ಮಾರನೆಯ ದಿನ ಹೊಸವು ಬರುತ್ತಿದ್ದವು. ಪ್ರೆಸ್ ಶಾಪಿನಲ್ಲಿ ಕುರಿಗೇನು ಬರ.

ಹುಲಿ-ಕುರಿ ಆಟದ ಹೆಸರು ಕೇಳದವಳೇನಲ್ಲ ನಾನು. ತುಮಕೂರು ಕಡೆಯ ನಮ್ಮೂರಿನ ಅರಳಿಕಟ್ಟೆಯ ಚಪ್ಪಡಿಯಲ್ಲಿ ಆ ಗೆರೆಗಳನ್ನು ಕೊರೆದಿದ್ದರು. ಗಂಡಸರು ಬೀಡಿ ಕಚ್ಚಿಕೊಂಡು ಸುತ್ತ ಕೂರುತ್ತಿದ್ದರು. ಹೆಣ್ಣುಮಕ್ಕಳು ಕಟ್ಟೆ ಹತ್ತುವಂತಿರಲಿಲ್ಲ. ನಮಗೆ ಮನೆಯೊಳಗೆ ಚೌಕಾಬಾರ, ಅಳಗುಳಿಮಣೆ. ಚೌಕಾಬಾರದಲ್ಲಿ ಕವಡೆ ಬಿದ್ದಂತೆ ನಡೆ. ಗೆದ್ದರೆ ನಮ್ಮ ಜಾಣತನ, ಸೋತರೆ ಕವಡೆಯ ತಪ್ಪು. ಕವಡೆಗೆ ಬೈಯುವುದರಲ್ಲಿ ನಾನು ಬೀದಿಗೇ ಹೆಸರಾಗಿದ್ದೆ.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ನಡುವಿನ ಮಾತು. ದಾಸರಹಳ್ಳಿಯ ಹಿಂಭಾಗದ ಒಂದು ವಠಾರದಲ್ಲಿದ್ದೆವು. ಸಾಲಾಗಿ ರೂಮುಗಳು, ಮೇಲೆ ಶೀಟು, ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಇವರು ಕಂಪನಿಗೆ ಹೋದರೆ ನಾನು ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದೆ. ನನ್ನ ಕೈ ಯಾವಾಗಲೂ ಕರ್ರಗೆ. ನಮಗೆ ಮಕ್ಕಳಾಗಲಿಲ್ಲ. ಪಕ್ಕದ ರೂಮಿನಲ್ಲಿ ಗದಗಿನ ಕಡೆಯವನೊಬ್ಬ, ಅವನ ಹೆಂಡತಿ, ಮೂರು ಹೆಣ್ಣುಮಕ್ಕಳು. ಅವನಿಗೂ ಇವರಿಗೂ ಒಂದೇ ಕಂಪನಿ, ಒಂದೇ ಶಿಫ್ಟು, ಅಕ್ಕಪಕ್ಕದ ಪ್ರೆಸ್ಸು. ಊಟದ ಹೊತ್ತಿನಲ್ಲಿ ಇಬ್ಬರೂ ಒಂದು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಆಡುತ್ತಿದ್ದರಂತೆ. ಅವನು ನನ್ನನ್ನು ವೈನಿ ಅನ್ನುತ್ತಿದ್ದ, ಅವರ ಕಡೆ ಅತ್ತಿಗೆಗೆ ಹಾಗನ್ನುತ್ತಾರೆ. ಒಳ್ಳೆಯ ಮನುಷ್ಯ ಅಂತಲೇ ಅಂದುಕೊಂಡಿದ್ದೆ.

ಪ್ರೆಸ್ಸಿನ ವಿಷಯ ಸ್ವಲ್ಪ ಹೇಳಬೇಕು. ಅದಕ್ಕೆ ಎರಡು ಬಟನ್ನು, ಎಡಗೈಗೊಂದು, ಬಲಗೈಗೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಎರಡು ಕೈಯೂ ಬಟನ್ನಿನ ಮೇಲಿದ್ದರೆ ಅಚ್ಚಿನ ಕೆಳಗೆ ಕೈ ಇರುವುದಿಲ್ಲ, ಅದು ಮಾಡಿದವರ ಲೆಕ್ಕ. ಹಾಗೆ ಕೆಲಸ ಮಾಡಿದರೆ ಟಾರ್ಗೆಟ್ ಮುಟ್ಟುವುದಿಲ್ಲ, ಅದು ಕಂಪನಿಯ ಲೆಕ್ಕ. ಅದಕ್ಕೆ ಎಲ್ಲರೂ ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿಬಿಡುತ್ತಿದ್ದರು. ಅದು ದಿನವೆಲ್ಲ ಒತ್ತಿಕೊಂಡೇ ಇರುತ್ತಿತ್ತು. ಒಂದು ಕೈ ಇನ್ನೊಂದು ಬಟನ್ನಿಗೆ, ಇನ್ನೊಂದು ಕೈ ತಗಡು ಇಡಲು, ತೆಗೆಯಲು. ಟ್ಯೂಬು ಕತ್ತರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ತಂದು ಹಂಚುತ್ತಿದ್ದವನು ಸೂಪರ್‌ವೈಸರೇ. ಹೊರಗಿನಿಂದ ಯಾರಾದರೂ ತಪಾಸಣೆಗೆ ಬಂದರೆ ಒಂದು ಸಿಳ್ಳೆ ಬೀಳುತ್ತಿತ್ತು, ಪಟ್ಟಿಗಳೆಲ್ಲ ಜೇಬು ಸೇರುತ್ತಿದ್ದವು. ಒಗೆಯುವಾಗ ಬಿಲ್ಲೆಗಳ ಜೊತೆ ಅವೂ ಸಿಗುತ್ತಿದ್ದವು. ಗಟ್ಟಿ ರಬ್ಬರು, ಬಿಸಾಡಲು ಮನಸ್ಸು ಬರುತ್ತಿರಲಿಲ್ಲ. ಊದುಬತ್ತಿಯ ಕಟ್ಟು ಬಿಗಿಯಲು ಬಳಸುತ್ತಿದ್ದೆ.

ಒಂದು ಬೆಳಗಿನ ಶಿಫ್ಟಿನಲ್ಲಿ ಇವರ ಬಲಗೈ ಅಚ್ಚಿನ ಕೆಳಗಿದ್ದಾಗ ಎಡಗೈ ಬಟನ್ ಒತ್ತಿತು. ನಾಲ್ಕು ಬೆರಳು ಹೋದವು, ಹೆಬ್ಬೆರಳು ಉಳಿಯಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದವನು ಪಕ್ಕದ ಮನೆಯವನೇ, ಬಂದು ನನಗೆ ಹೇಳಿದವನೂ ಅವನೇ. ಬಾಗಿಲಲ್ಲಿ ನಿಂತು, “ವೈನಿ, ಕೈಗೆ ಸ್ವಲ್ಪ ಪೆಟ್ಟಾಗೇತ್ರಿ, ಬರ್ರಿ” ಅಂದ. ಅವನ ಅಂಗಿಯ ತುಂಬ ರಕ್ತ ಇತ್ತು. ನಾನು ಕೈ ತೊಳೆಯದೆ ಹಾಗೇ ಹೊರಟೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಇವರು ಗೋಡೆಗೆ ಮುಖ ಮಾಡಿ ಕೂತವರು ಕೂತೇಬಿಟ್ಟರು. ಅನ್ನ ಕಲಸಿ ಕೊಟ್ಟರೆ ಎಡಗೈಯಲ್ಲಿ ತಿನ್ನಲು ನಾಚಿಕೆ. ನಾನು ತಿನ್ನಿಸಿದರೆ ಇನ್ನೂ ನಾಚಿಕೆ. ಮಾತಂತೂ ಇಲ್ಲವೇ ಇಲ್ಲ. ನಾನು ಬೈದೆ, ಅತ್ತೆ, ದೇವರ ಮೇಲೆ ಆಣೆ ಇಟ್ಟೆ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಹೀಗೇ ಕೂತರೆ ಈ ಮನುಷ್ಯ ಉಳಿಯುವುದಿಲ್ಲ ಅಂತ ಆಗ ಅನ್ನಿಸಿತು.

ಅದರ ಮೇಲೆ ಕಂಪನಿಯವರು ಎನ್‌ಕ್ವೈರಿ ಇಟ್ಟರು. ಸೂಪರ್‌ವೈಸರು “ಟ್ಯೂಬಾ? ಯಾವ ಟ್ಯೂಬು?” ಅಂದಿದ್ದನಂತೆ. ಇವರೇ ಸ್ವಂತ ಬುದ್ಧಿಯಿಂದ ಬಟನ್ ಕಟ್ಟಿದರು ಅಂತಾದರೆ ಕೆಲಸ ಹೋಗುತ್ತದೆ. ಸೂಪರ್‌ವೈಸರು ಕಟ್ಟಿಸಿದ ಅಂತಾದರೆ ಸ್ಟೋರಿನಲ್ಲೋ ಗೇಟಿನಲ್ಲೋ ಕೂತು ಮಾಡುವ ಕೆಲಸ ಕೊಡಬೇಕು. ಪಕ್ಕದಲ್ಲೇ ನಿಂತು ಕಣ್ಣಾರೆ ನೋಡಿದ್ದವನು ಒಬ್ಬನೇ, ನಮ್ಮ ಪಕ್ಕದ ಮನೆಯವನು. ಉಳಿದವರು ಬಾಯಿ ಬಿಡುವುದಿಲ್ಲ ಅಂತ ಮೊದಲೇ ಗೊತ್ತಿತ್ತು. ಬಲಗೈಯಲ್ಲಿ ಬೆರಳಿಲ್ಲದವನನ್ನು ಪೀಣ್ಯದಲ್ಲಿ ಬೇರೆ ಯಾವ ಶೆಡ್ಡಿನವರು ಒಳಗೆ ಬಿಡುತ್ತಾರೆ? ನಮ್ಮಿಬ್ಬರ ಅನ್ನ ಆ ಗದಗಿನವನ ನಾಲಿಗೆಯ ತುದಿಯಲ್ಲಿತ್ತು.

ಅವನು ಒಂದು ಮಧ್ಯಾಹ್ನ ಶಿಫ್ಟು ಮುಗಿಸಿ ನೇರ ನಮ್ಮ ಮನೆಗೆ ಬಂದ. ಕೇಳಲೂ ಇಲ್ಲ, ಹೇಳಲೂ ಇಲ್ಲ. ನಮ್ಮ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣ ತೆಗೆದು ಗೆರೆ ಎಳೆಯತೊಡಗಿದ. ಮೇಲೆ ಒಂದು ತುದಿ, ಅದರಿಂದ ಗೋಪುರದ ಹಾಗೆ ಕೆಳಗಿಳಿಯುವ ಗೆರೆಗಳು, ಅವನ್ನು ದಾಟುವ ಅಡ್ಡಗೆರೆಗಳು. ಅಡ್ಡಗೆರೆಗಳು ಎರಡೂ ಪಕ್ಕ ಹೊರಗೆ ಚಾಚಿ ಕಿವಿಯ ಹಾಗೆ ಮೂಲೆಗಳು. ಜೇಬಿನಿಂದ ಬಿಲ್ಲೆ ತೆಗೆದು ಸುರಿದ.

“ಒರೆಸಿದ ನೆಲ” ಅಂದೆ ನಾನು.

“ಮತ್ತ ಒರೆಸಿದ್ರಾತು ಬಿಡ್ರಿ ವೈನಿ” ಅಂದು, ಇವರ ಬೆನ್ನಿಗೆ ಹೇಳಿದ: “ಹುಲಿ ನಂದು. ನಮ್ಮೂರ ಹುಲಿಮನಿ ಆಟ. ಹುಲಿ ಒಂದರ ಮ್ಯಾಲೊಂದು ಎರಡು ಕುರಿ ತಿಂತೈತಿ.”

ಅದು ಇವರನ್ನು ಕೆಣಕಲು ಹೇಳಿದ ಮಾತು. ಇಬ್ಬರ ಊರಿನ ನಿಯಮ ಬೇರೆ ಬೇರೆ, ಅದರ ಬಗ್ಗೆ ಇವರು ವರ್ಷಗಟ್ಟಲೆ ಜಗಳ ಆಡಿದ್ದರು. ಅವನು ನಟ್ಟುಗಳನ್ನು ಗೆರೆಯ ಮೇಲಿಟ್ಟ. ಆಮೇಲೆ ಗೋಡೆಯ ಕಡೆಯಿಂದ ಮಾತು ಬಂತು: “ಒಂದೇ ತಿನ್ಬೇಕು. ನಿಮ್ಮೂರಿನ ಹುಲಿಗೆ ಹೊಟ್ಟೆಬಾಕತನ.” ಇವರು ತಿರುಗಿ ಕೂತರು. ಎಡಗೈಯಲ್ಲಿ ಒಂದು ಬಿಲ್ಲೆ ಎತ್ತಿದರು, ಜಾರಿ ಬಿತ್ತು, ಮತ್ತೆ ಎತ್ತಿದರು. ನಾನು ಒಲೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಸಂತೋಷಕ್ಕೆ ಅತ್ತೆ, ಸುಳ್ಳೇಕೆ ಹೇಳಲಿ.

ಅಂದಿನಿಂದ ದಿನಾ ಆಟ. ಎದುರು ರೂಮಿನಲ್ಲಿ ಹೊಸದಾಗಿ ಕೇಬಲ್ ಟಿವಿ ಬಂದಿತ್ತು, ವಠಾರವೆಲ್ಲ ಅಲ್ಲಿ ಕ್ರಿಕೆಟ್ಟು ನೋಡುತ್ತಿತ್ತು. ನಮ್ಮ ಮನೆಯಲ್ಲಿ ಇಬ್ಬರು ಗಂಡಸರು ನೆಲಕ್ಕೆ ಬಗ್ಗಿ, “ಬಾ ಬಾ, ಬಾಯಿ ತೆಗಿ”, “ತಿನ್ನೋ, ತಿಂದು ನೋಡು, ಆಮೇಲೆ ಹೇಳ್ತೀನಿ” ಅಂತ ಒಬ್ಬರನ್ನೊಬ್ಬರು ಅಣಕಿಸುತ್ತ ಕೂರುತ್ತಿದ್ದರು. ನಾನು ಹಲಗೆಯ ಮೇಲೆ ಬತ್ತಿ ಹೊಸೆಯುತ್ತ ಮೊದಮೊದಲು ಕಿವಿ ಮಾತ್ರ ಕೊಟ್ಟೆ. ಹೊಸೆಯುವ ಕೈಗೆ ಕಣ್ಣು ಬೇಕಿಲ್ಲ. ಕಣ್ಣು ತಾನಾಗಿ ನೆಲದ ಕಡೆ ಹೋಗತೊಡಗಿತು.

ನೋಡಿದಷ್ಟು ಸುಲಭದ ಆಟವಲ್ಲ ಅದು. ಕುರಿಯವನು ಒಂದೊಂದಾಗಿ ಕುರಿಗಳನ್ನು ತಂದು ಇಡಬೇಕು. ಎಲ್ಲವೂ ಇಳಿಯುವ ತನಕ ಇಟ್ಟ ಕುರಿ ಕದಲುವಂತಿಲ್ಲ. ಅಷ್ಟರಲ್ಲಿ ಹುಲಿ ತನಗೆ ಬೇಕಾದಂತೆ ತಿರುಗುತ್ತದೆ. ಕುರಿಯ ಆಚೆಗಿನ ಮನೆ ಖಾಲಿ ಇದ್ದರೆ ಹಾರಿ ನುಂಗುತ್ತದೆ. ಕುರಿಗೆ ತಿನ್ನಲು ಬಾಯಿಲ್ಲ, ಒತ್ತಾಗಿ ನಿಲ್ಲುವುದೊಂದೇ ಗೊತ್ತು. ಒತ್ತಾಗಿ ನಿಂತು ನಿಂತು, ಮೂರು ಹುಲಿಗೂ ಕಾಲಿಡಲು ಜಾಗವಿಲ್ಲದಂತೆ ಮಾಡಿದರೆ ಕುರಿ ಗೆದ್ದಂತೆ. ಅದಕ್ಕೆ ಹುಲಿ ಕಟ್ಟುವುದು ಅನ್ನುತ್ತಾರೆ. ನನಗೆ ಹಿಡಿಸಿದ್ದು ಇನ್ನೊಂದು. ಇದರಲ್ಲಿ ಕವಡೆ ಇಲ್ಲ. ಅದೃಷ್ಟದ ಮೇಲೆ ಹಾಕುವಂತಿಲ್ಲ. ಮುಚ್ಚಿಟ್ಟದ್ದು ಏನೂ ಇಲ್ಲ, ಎಲ್ಲವೂ ನೆಲದ ಮೇಲೆ ಇಬ್ಬರ ಕಣ್ಣಿಗೂ ಕಾಣುವಂತೆ ಬಿದ್ದಿರುತ್ತದೆ. ಆದರೂ ಕಾಣುವುದಿಲ್ಲ. ಊರಿನ ಗಂಡಸರು ಕಟ್ಟೆಯ ಮೇಲೆ ಇಷ್ಟು ಚಂದದ್ದನ್ನು ಬಚ್ಚಿಟ್ಟುಕೊಂಡಿದ್ದರಲ್ಲ ಅಂತ ಅವರ ಮೇಲೆ ಸಿಟ್ಟು ಬಂತು.

ಒಂದು ದಿನ ತಡೆಯಲಾಗಲಿಲ್ಲ. “ಆ ಕಿವಿಮೂಲೆಗೆ ಹುಲಿ ಹೋಗುತ್ತೆ, ನೋಡ್ತಾ ಕೂತಿದ್ದೀರಲ್ಲ” ಅಂದುಬಿಟ್ಟೆ. ಇಬ್ಬರೂ ತಲೆ ಎತ್ತಿ ನನ್ನನ್ನು ನೋಡಿದರು. ಗದಗಿನವನು ನಕ್ಕು, “ಮುಗೀತು, ಇನ್ನ ನಮ್ಮ ಅನ್ನ ಹೋತು” ಅಂದ. ಮಾರನೆಯ ಬೆಳಿಗ್ಗೆಯಿಂದ ಅವನು ಬರುವ ತನಕ ಇವರ ಜೊತೆ ನಾನು ಆಡಿದೆ. ನನ್ನ ಕರಿ ಬೆರಳಿನ ಗುರುತು ಬಿಲ್ಲೆಗಳಿಗೆ ಹತ್ತಿತು. ಎಷ್ಟು ಆಡಿದರೂ ಸೋಲುತ್ತಿದ್ದೆ, ಬೈಯಲು ಕವಡೆ ಇಲ್ಲ, ಗಂಡನಿಗೇ ಬೈದೆ.

ಆಗ ಇವರು ಕಲಿಸಿದ್ದು, ಕುರಿ ಕೊಡುವುದು. “ನೀನು ಎಲ್ಲಾನೂ ಕಾಪಾಡಕ್ಕೆ ಹೋಗ್ತೀಯ, ಅದಕ್ಕೇ ಸೋಲ್ತೀಯ. ಒಂದನ್ನ ಬೇಕು ಅಂತಲೇ ಮೂಲೆ ಪಕ್ಕ ಇಡು. ಹುಲಿ ಆಸೆಗೆ ಹಾರಿ ತಿನ್ನುತ್ತೆ, ಮೂಲೆಗೆ ಹೋಗಿ ಬೀಳುತ್ತೆ. ತಕ್ಷಣ ಹಿಂದಿನ ದಾರಿ ಮುಚ್ಚು. ಒಂದು ಕುರಿ ಹೋಯ್ತು, ಒಂದು ಹುಲಿ ಕಟ್ತು.” ಹಾಗೇ ಮಾಡಿದೆ. ಜೀವನದಲ್ಲಿ ಮೊದಲ ಸಲ ಹುಲಿ ಕಟ್ಟಿದೆ. ಅಂದು ಇವರು ಎಡಗೈಯಲ್ಲೇ, ನನ್ನ ಕಣ್ಣೆದುರಿಗೇ, ನಾಚದೆ ಅನ್ನ ತಿಂದರು.

ಆದರೆ ಎನ್‌ಕ್ವೈರಿ ಹತ್ತಿರ ಬರುತ್ತಿತ್ತು. ಆ ವಿಷಯ ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಅವನಿಗೆ ನಾನು ಚಹಾ ಕೊಟ್ಟೆ, ಉಪ್ಪಿಟ್ಟು ಕೊಟ್ಟೆ, ಹಬ್ಬಕ್ಕೆ ಮಾಡಿದ ಒಬ್ಬಟ್ಟಿನಲ್ಲಿ ಅವನ ಮಕ್ಕಳಿಗೂ ಪಾಲು ಕಳಿಸಿದೆ. ಪ್ರೀತಿಯಿಂದಲೇ ಕೊಟ್ಟೆ, ಲೆಕ್ಕವೂ ಇತ್ತು. ಕೊನೆಗೆ ಕೇಳಿಯೇಬಿಟ್ಟೆ.

“ನಾಳಿದ್ದು ಒಳಗೆ ಏನು ಹೇಳ್ತೀರಿ ನೀವು?”

ಅವನ ಕೈ ನಟ್ಟಿನ ಮೇಲೆ ನಿಂತಿತು. “ಏನ್ ಹೇಳೂದು ವೈನಿ. ಕಂಡಿದ್ದು ಹೇಳೂದು” ಅಂದ. ನನ್ನ ಮುಖ ನೋಡಲಿಲ್ಲ.

“ಕಂಡಿದ್ದು ಅಂದ್ರೆ? ಡಬ್ಬಿಯಲ್ಲಿ ಟ್ಯೂಬು ಹಂಚಿದ್ದು ಕಂಡಿದ್ದೀರಿ ತಾನೇ?”

“ಆಟದ ಮಧ್ಯೆ ಬೇಡ ಕಣೇ, ಸುಮ್ನಿರು” ಅಂದರು ಇವರು. ನಾನು ಕೊಡ ಎತ್ತಿಕೊಂಡು ನಲ್ಲಿಗೆ ಹೋದೆ. ಅಲ್ಲಿ ಸಾಲು ಉದ್ದವಿತ್ತು. ನೀರು ಹಿಡಿದು ಬಂದಾಗ ಬಿಲ್ಲೆಗಳು ಇಟ್ಟಲ್ಲೇ ಇದ್ದವು, ಒಂದೂ ಕದಲಿರಲಿಲ್ಲ. ಅವನ ಕಣ್ಣು ಕೆಂಪಾಗಿತ್ತು. ಇವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಮತ್ತೆ ನಿಯಮಕ್ಕೆ ಜಗಳ ಆಡಿರಬೇಕು ಅಂದುಕೊಂಡೆ. ಅವನು ಆಟ ಅರ್ಧಕ್ಕೆ ಬಿಟ್ಟು ಎದ್ದು ಹೋದ.

ಎನ್‌ಕ್ವೈರಿಯ ದಿನ ನಾನೂ ಜೊತೆಗೆ ಹೋದೆ. ನನ್ನನ್ನು ಗೇಟಿನ ಒಳಗೆ ಬಿಡಲಿಲ್ಲ. ರಸ್ತೆಯ ಆಚೆ, ಟೀ ಅಂಗಡಿಯ ನೆರಳಿನಲ್ಲಿ ನಿಂತಿದ್ದೆ. ಲಾರಿಗಳು ಧೂಳು ಎಬ್ಬಿಸಿಕೊಂಡು ಹೋಗುತ್ತಿದ್ದವು, ಶೆಡ್ಡಿನೊಳಗಿನಿಂದ ಪ್ರೆಸ್ಸು ಧಡ್ ಧಡ್ ಅನ್ನುವುದು ಕಾಲಿಗೆ ಗೊತ್ತಾಗುತ್ತಿತ್ತು. ಮೊದಲು ಹೊರಗೆ ಬಂದವನು ಗದಗಿನವನು. ನನ್ನನ್ನು ನೋಡಿದ. ನೋಡಿ, ತಲೆ ತಗ್ಗಿಸಿ, ಬಸ್ ಸ್ಟಾಪಿನ ಕಡೆ ನಡೆದುಬಿಟ್ಟ. ಆಗಲೇ ನನಗೆ ತಿಳಿಯಿತು.

ಇವರು ಬಂದು ಪಕ್ಕದಲ್ಲಿ ನಿಂತರು. ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡಿದ್ದರು. “ಟ್ಯೂಬು ನಾನೇ ಕಟ್ಕೊಂಡೆ, ನನಗೆ ಯಾರೂ ಹೇಳಿರಲಿಲ್ಲ ಅಂತ ನನ್ನ ಮೇಲೆ ಹಾಕಿದ. ಸೂಪರ್‌ವೈಸರ್ ಬೇಡ ಅಂದಿದ್ರು ಅಂತಲೂ ಅಂದ. ಮುಗೀತು, ನಡಿ” ಅಂದರು. ದಾರಿಯುದ್ದಕ್ಕೂ ನಾನು ಅವನ ವಂಶ ಜಾಲಾಡಿದೆ. ಇವರು ನನಗಿಂತ ಎರಡು ಹೆಜ್ಜೆ ಮುಂದೆ ನಡೆದರು.

ಸಂಜೆಗೆ ಅವನು ನಮ್ಮ ಬಾಗಿಲಿಗೆ ಬಂದು ನಿಂತ. ಬಂದನಲ್ಲ, ಯಾವ ಮುಖ ಇಟ್ಟುಕೊಂಡು ಬಂದ ಅಂತ ನನಗೆ ಮೈಯೆಲ್ಲ ಉರಿಯಿತು. ಮೂಲೆಯಲ್ಲಿದ್ದ ಬಿಲ್ಲೆಗಳನ್ನು ಬಾಚಿ ಅವನ ಕಾಲ ಬುಡಕ್ಕೆ ಎಸೆದೆ. “ಉಂಡ ಮನೆಗೆ ಎರಡು ಬಗೆದೆಯಲ್ಲೋ. ನನ್ನ ಕೈಯಾರೆ ಬಡಿಸಿದೆನಲ್ಲೋ ನಿನಗೆ. ಹೆಣ್ಣುಮಕ್ಕಳ ತಂದೆ ನೀನು” ಅಂದೆ. ವಠಾರದವರು ಟಿವಿ ಬಿಟ್ಟು ಹೊರಗೆ ಬಂದರು. ಅವನು ಬಗ್ಗಿ ಬಿಲ್ಲೆ ಆರಿಸತೊಡಗಿದ.

ಇವರು ಎದ್ದು ಬಂದು ಬಾಗಿಲು ಮುಚ್ಚಿದರು, ಅವನನ್ನು ಒಳಗೆ ಕರೆದುಕೊಂಡೇ.

“ಅವನಿಗೆ ಬೈಬೇಡ. ಹಾಗೆ ಹೇಳು ಅಂತ ನಾನೇ ಹೇಳಿದ್ದು” ಅಂದರು.

ನನಗೆ ಅರ್ಥವಾಗಲಿಲ್ಲ. ಯಾವಾಗ ಅಂದೆ. ನೀನು ನಲ್ಲಿಗೆ ಹೋಗಿದ್ದಾಗ ಅಂದರು. ಸೂಪರ್‌ವೈಸರು ಇವನನ್ನು ಕರೆದು ಹೆದರಿಸಿದ್ದನಂತೆ, ಟ್ಯೂಬಿನ ಮಾತು ಎತ್ತಿದರೆ ನೀನೂ ಹೊರಗೆ ಅಂತ. ಇವನು ಆದರೂ ನಿಜವನ್ನೇ ಹೇಳುತ್ತೇನೆ ಅಂತ ಕೂತಿದ್ದನಂತೆ. ಅದಕ್ಕೆ ಅಂದು ಕಣ್ಣು ಕೆಂಪಾಗಿದ್ದು.

“ಇವನು ನಿಜ ಹೇಳಿದ್ರೂ ನನ್ನನ್ನ ಎಷ್ಟು ದಿನ ಇಟ್ಕೊಳ್ತಿದ್ರು? ಇನ್ನೊಂದು ನೆಪ ತೆಗೆದು ಕಳಿಸ್ತಿದ್ರು. ಜೊತೆಗೆ ಇವನೂ ಬೀದಿಗೆ ಬೀಳ್ತಿದ್ದ. ನನ್ನ ಕೈ ಹೇಗೂ ಹೋಯ್ತು. ಒಂದು ಹೋದ್ರೆ ಉಳಿದಿದ್ದು ಉಳಿಯುತ್ತೆ” ಅಂದರು ಇವರು. ಆಮೇಲೆ, “ಅವನಿಗೆ ಮೂರು ಮಕ್ಕಳು. ನಾವಾದ್ರೆ ಇಬ್ಬರೇ ಅಲ್ವಾ” ಅಂದರು.

ಆ ಕೊನೆಯ ಮಾತು ನನ್ನನ್ನು ಸುಟ್ಟಷ್ಟು ಬೇರೆ ಯಾವುದೂ ಸುಡಲಿಲ್ಲ. ಮಗುವಿಲ್ಲದ ಮನೆಯವರ ಹೊಟ್ಟೆ ಹೊಟ್ಟೆಯಲ್ಲವೇ?

“ಆಟದ ಕುರಿಗೆ ಹೆಂಡ್ತಿ ಇರಲ್ಲ ಕಣ್ರೀ” ಅಂದೆ. “ಕೊಟ್ಟ ಕುರಿಯಲ್ಲಿ ಅರ್ಧ ನಾನು. ನನ್ನನ್ನ ಒಂದು ಮಾತು ಕೇಳಿದ್ರಾ?”

ಗದಗಿನವನು ಗೋಡೆಗೆ ಒರಗಿ ಕೂತು ಮಗುವಿನ ಹಾಗೆ ಅತ್ತ. ನಾನು ಅಳಲಿಲ್ಲ, ಒಲೆ ಹಚ್ಚಿದೆ.

ಕೆಲಸ ಹೋಯಿತು. ಇವರು ಜಾಲಹಳ್ಳಿ ಕ್ರಾಸಿನ ಒಂದು ಗೋಡೌನಿಗೆ ಕಾವಲಿಗೆ ಸೇರಿದರು, ಅದೂ ಬಹಳ ಅಲೆದ ಮೇಲೆ. ನನ್ನ ಬತ್ತಿ ಹೊಸೆಯುವುದು ಎರಡರಷ್ಟಾಯಿತು. ಟ್ಯೂಬು ಕಟ್ಟುವುದು ನಿಂತಿತೇ ಅಂತ ಕೇಳಿದರೆ, ಇಲ್ಲ. ಇವರ ಪ್ರೆಸ್ಸಿಗೆ ಹೊಸಬನೊಬ್ಬ ಬಂದ, ಅವನಿಗೂ ಡಬ್ಬಿಯಿಂದ ಒಂದು ಪಟ್ಟಿ ಸಿಕ್ಕಿತು. ಗದಗಿನವನೂ ಕಟ್ಟುತ್ತಲೇ ಇದ್ದ, ಟಾರ್ಗೆಟ್ ಇತ್ತಲ್ಲ. ಇವರ ರಜೆಯ ದಿನ ಅವನು ಆಡಲು ಬರುತ್ತಿದ್ದ. ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಆದರೆ ಅವನು ನಟ್ಟು ಎತ್ತುವಾಗ ಪ್ರತಿ ಸಲವೂ ನನ್ನ ಕಣ್ಣು ಅವನ ಬೆರಳುಗಳ ಮೇಲೇ ಹೋಗುತ್ತಿತ್ತು, ಎಲ್ಲವೂ ಇವೆಯೇ ಅಂತ. ನಮ್ಮ ಅನ್ನ ಕೊಟ್ಟು ದುಡಿಮೆಗೆ ಉಳಿಸಿದ ಬೆರಳುಗಳು ಅವು. ಅವನು ಅದನ್ನು ಗಮನಿಸಿ ಒಮ್ಮೊಮ್ಮೆ ಕೈಯನ್ನು ತುಸು ಹೊತ್ತು ಬೆಳಕಿನಲ್ಲಿ ಹಾಗೇ ಇಡುತ್ತಿದ್ದ.

ಮುಂದಿನ ವರ್ಷ ಆ ಪ್ರೆಸ್ ಶಾಪೇ ಮುಚ್ಚಿತು. ಎಲ್ಲರನ್ನೂ ಒಂದೇ ದಿನ ಹೊರಗೆ ಹಾಕಿ ಗೇಟಿಗೆ ಬೀಗ ಜಡಿದರು. ಗದಗಿನವನು ಸಂಸಾರ ಕಟ್ಟಿಕೊಂಡು ಊರಿಗೆ ಹೊರಟ. ಹೊರಡುವ ಮುಂಚೆ ಬಾಗಿಲಿಗೆ ಬಂದು ಬಿಲ್ಲೆ, ನಟ್ಟುಗಳನ್ನು ನನ್ನ ಕೈಗೆ ಕೊಟ್ಟ. “ನಮಗ ಅವತ್ತ ನೀವು ಕೊಟ್ಟಿದ್ದು ದಂಡ ಆತ್ರಿ ವೈನಿ” ಅಂದ. ಹೌದು ಅಂದೆ. ಮಕ್ಕಳ ಕೈಗೆ ದಾರಿಗೆ ಬುತ್ತಿ ಕೊಟ್ಟು ಕಳಿಸಿದೆ.

ಈಗಲೂ ನಾವಿಬ್ಬರೂ ಆಡುತ್ತೇವೆ. ಇವರಿಗೆ ಹುಲಿ, ನನಗೆ ಕುರಿ. ಬಿಲ್ಲೆಗಳು ಸವೆದು ಹೊಳೆಯುತ್ತವೆ. ಆಟ ನನಗೆ ಚೆನ್ನಾಗಿ ಬರುತ್ತದೆ, ಎಲ್ಲಿ ಇಟ್ಟರೆ ಏನಾಗುತ್ತದೆ ಅಂತ ನಾಲ್ಕು ನಡೆ ಮುಂಚೆ ಕಾಣುತ್ತದೆ. ಮೂಲೆಯ ಪಕ್ಕದ ಆ ಮನೆಯೂ ಕಾಣುತ್ತದೆ.

“ಅಲ್ಲಿ ಒಂದು ಕೊಡೇ, ಆಟ ನಿಂದೇ” ಅನ್ನುತ್ತಾರೆ ಇವರು, ಉಳಿದ ಹೆಬ್ಬೆರಳಿನಿಂದ ಆ ಜಾಗ ತೋರಿಸಿ.

“ಕೊಡಲ್ಲ” ಅನ್ನುತ್ತೇನೆ.

ಕೊಡದಿದ್ದರೂ ಹುಲಿ ತಿನ್ನುತ್ತದೆ. ಒಂದಲ್ಲ, ಸಾಲಾಗಿ ತಿನ್ನುತ್ತದೆ, ನಾನು ಸೋಲುತ್ತೇನೆ. ತಿನ್ನಲಿ. ಅದು ತಿಂದದ್ದು, ನಾನು ಕೊಟ್ಟದ್ದಲ್ಲ.